ಎರಡು ಹೆಜ್ಜೆಯ ಸೈಟು

ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಮಾಡುವ ನನ್ನ ವಯಸ್ಸಿನವರ ಹಿಂದೆ ಸುಮ್ಮನೆ ನಡೆದು ನೋಡಿ. ಕಿವಿಗೆ ಬೀಳುವುದು ಎರಡೇ ವಿಷಯ: ಶುಗರ್ ಎಷ್ಟು, ಸೈಟಿನ ರೇಟು ಎಷ್ಟು. ಮೊದಲನೆಯದು ಇಳಿಯಬೇಕು, ಎರಡನೆಯದು ಏರಬೇಕು. ಒಮ್ಮೆ ಮುಂದೆ ಹೋಗುತ್ತಿದ್ದವರು “ನಮ್ದು ನಾಲ್ಕು ಸಾವಿರ ದಾಟಿತು” ಅಂದಾಗ, ಇವರು ಇನ್ನೂ ಹೇಗೆ ನಡೆಯುತ್ತಿದ್ದಾರೆ ಎಂದು ಗಾಬರಿಯಾಗಿತ್ತು. ಅದು ಚದರಡಿಯ ಮಾತು ಎಂದು ತಿಳಿದ ಮೇಲೆ ಗಾಬರಿ ಇಳಿದು ಹೊಟ್ಟೆಕಿಚ್ಚು ಹತ್ತಿಕೊಂಡಿತು. ಕೆರೆ ನಡುವಿನ ಮರಗಳಲ್ಲಿ ಹೆಜ್ಜಾರ್ಲೆಗಳು ಖಾತೆ, ಕಂದಾಯ ಯಾವುದೂ ಇಲ್ಲದೆ ಸಂಸಾರ ಹೂಡಿರುತ್ತವೆ. ಅವನ್ನು ನೋಡುವುದಕ್ಕೆಂದೇ ದೂರದಿಂದ ಜನ ಬರುತ್ತಾರೆ. ನಾವು ಊರಿನವರು, ನಮಗೆ ಅಷ್ಟು ಪುರುಸೊತ್ತಿಲ್ಲ.

ಮೈಸೂರಿಗೆ ಸೈಟಿನ ಹುಚ್ಚು ಇವತ್ತಿನದಲ್ಲ. ಪ್ಲೇಗು ಬಂದು ಊರು ನಲುಗಿದ ಮೇಲೆ 1903ರಲ್ಲಿ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರುವಾಯಿತು. ಇಕ್ಕಟ್ಟಿನ ಗಲ್ಲಿಗಳಲ್ಲಿ ಉಸಿರುಗಟ್ಟುತ್ತಿದ್ದ ಜನರಿಗೆ ಅಗಲವಾದ ರಸ್ತೆ, ಗಾಳಿ, ಬೆಳಕು ಸಿಗಲಿ ಎಂದು ಬಡಾವಣೆಗಳನ್ನು ಬಿಡಿಸಿದರು. ಉಸಿರಾಡಲಿ ಎಂದು ಕೊಟ್ಟ ಜಾಗ ಅದು. ಈಗ ಅದರ ರೇಟು ಕೇಳಿ ಉಸಿರು ಕಟ್ಟುತ್ತದೆ. ನನ್ನ ತಂದೆಯ ಕಾಲಕ್ಕೆ ಸೈಟು ಎಂದರೆ ಮನೆ ಕಟ್ಟುವ ಜಾಗ. ನನ್ನ ಕಾಲಕ್ಕೆ ಅದು ಮಗಳ ಮದುವೆ, ಮಗನ ಓದು, ಅಕಸ್ಮಾತ್ ಬರುವ ಕಾಯಿಲೆ, ಇವೆಲ್ಲಕ್ಕೂ ಆಗುವ ಒಂದು ಧೈರ್ಯ. ಭಾವನ ಕಾಲಕ್ಕೆ ಅದು ಯಾವುದಕ್ಕೂ ಅಲ್ಲ. ಇರಬೇಕು, ಅಷ್ಟೆ.

ಭಾವ ಎಂದರೆ ನನ್ನ ಅಕ್ಕನ ಯಜಮಾನರು. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವರು, ಆದರೂ ‘ಭಾವನ ಕಾಲ’ ಎಂದು ಬೇರೆ ಎಣಿಸಲು ಕಾರಣವಿದೆ. ಅವರು ಕಾಲಕ್ಕಿಂತ ಮುಂದಿದ್ದಾರೆ. ಸರ್ಕಾರಿ ಇಂಜಿನಿಯರಾಗಿ ನಿವೃತ್ತರಾದವರು, ವಾಸಕ್ಕೆ ಒಂದು ಮನೆ, ನೋಡಿಕೊಳ್ಳಲು ನಾಲ್ಕು ಸೈಟು. “ಇವರಿಗೆ ಹೆಂಡತಿ ಒಬ್ಬಳೇ, ಅದಕ್ಕೇ ನಾನು ಲೆಕ್ಕಕ್ಕೇ ಬರಲ್ಲ” ಎನ್ನುತ್ತಾಳೆ ಅಕ್ಕ. ಭಾನುವಾರ ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ, ತಿಂಡಿ ಮುಗಿಸಿ ಭಾವ ಸೈಟುಗಳ ದರ್ಶನಕ್ಕೆ ಹೊರಡುತ್ತಾರೆ. ಸ್ಕೂಟರಿನ ಡಿಕ್ಕಿಯಲ್ಲಿ ಅಳತೆಯ ಟೇಪು, ಕುಡುಗೋಲು, ಖಾತೆಯ ಝೆರಾಕ್ಸು, ನೀರಿನ ಬಾಟಲು. ನಾಲ್ಕು ಮೂಲೆಯ ಕಲ್ಲು ನೆಟ್ಟಗಿವೆಯೇ, ಪಕ್ಕದವನು ಮರಳು ಸುರಿದಿದ್ದಾನೆಯೇ, ಕಾಂಗ್ರೆಸ್ ಗಿಡ ಎಷ್ಟೆತ್ತರ ಬೆಳೆದಿದೆ, ಎಲ್ಲ ನೋಡಿ, ಒಂದೊಂದು ಸೈಟಿನಲ್ಲೂ ಒಂದು ಫೋಟೋ ತೆಗೆದುಕೊಳ್ಳುತ್ತಾರೆ. ಮೊಮ್ಮಕ್ಕಳ ಫೋಟೋ ತೋರಿಸಿ ಎಂದರೆ ಅವರ ಫೋನಿನಲ್ಲಿ ಮೊದಲು ಸಿಗುವುದು ಕಾಂಗ್ರೆಸ್ ಗಿಡ.

ನನಗೂ ಒಂದು ಸೈಟಿದೆ. ರಿಂಗ್ ರಸ್ತೆಯಾಚೆ, ಮೂವತ್ತು ನಲವತ್ತು. ಅದನ್ನು ಕೊಂಡದ್ದು ಒಂದು ಉಚಿತ ಊಟದ ಪರಿಣಾಮ. ಲೇಔಟ್ ತೋರಿಸುತ್ತೇವೆ ಎಂದು ಬಸ್ಸಿನಲ್ಲಿ ಕೂರಿಸಿಕೊಂಡು ಹೋದರು. ಬಯಲಿನ ನಡುವೆ ಕಾಂಪೌಂಡ್ ಇಲ್ಲದೆ ಬರೀ ಕಮಾನು ನಿಂತಿತ್ತು. ಒಳಗೆ ಶಾಮಿಯಾನ, ಪುಳಿಯೋಗರೆ, ಮೈಸೂರುಪಾಕು. ಟೈ ಕಟ್ಟಿದ ಹುಡುಗ ಬಿಸಿಲಿನತ್ತ ಕೈ ತೋರಿಸಿ “ಅಲ್ಲಿ ಪಾರ್ಕು ಸಾರ್, ಅಲ್ಲಿ ಕ್ಲಬ್ ಹೌಸು, ಅಗೋ ಅಲ್ಲಿ ಹೈವೇ, ಐದೇ ನಿಮಿಷ” ಎಂದ. ಅವನು ತೋರಿಸಿದ ಕಡೆಯಲ್ಲೆಲ್ಲ ಹುರುಳಿ ಹೊಲ ಇತ್ತು, ಒಂದು ಎಮ್ಮೆ ಇತ್ತು. ಆದರೂ ನನ್ನ ಹೆಂಡತಿಗೆ ಕ್ಲಬ್ ಹೌಸು ಕಾಣಿಸಿತಂತೆ. ನನಗೆ ಕಾಣಿಸಿದ್ದು ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು ಚೆಕ್ ಬುಕ್ ತೆಗೆದದ್ದು. ಅವರು ತೆಗೆಯದಿದ್ದರೆ ನಾನೂ ತೆಗೆಯುತ್ತಿರಲಿಲ್ಲ ಎಂದು ಇವತ್ತಿಗೂ ನಂಬಿದ್ದೇನೆ. ಆಸೆ ನಮ್ಮೊಳಗೇ ಹುಟ್ಟುತ್ತದೆ ಎನ್ನುವವರು ಅಂಥ ಬಸ್ಸಿನಲ್ಲಿ ಒಮ್ಮೆ ಹೋಗಿ ಬರಬೇಕು.

ಅಂದಿನಿಂದ ನಾನೂ ಕಾವಲುಗಾರನಾದೆ. ಮಳೆ ಬಂದರೆ ಕಲ್ಲು ಕೊಚ್ಚಿಹೋಯಿತೇನೋ ಎಂದು ಯೋಚನೆ, ಬಾರದಿದ್ದರೆ ಯಾರೋ ಪಾಯ ತೆಗೆಯಲು ಒಳ್ಳೆ ಕಾಲವಾಯಿತಲ್ಲ ಎಂದು ಯೋಚನೆ. ಪತ್ರಿಕೆಯಲ್ಲಿ ‘ನಕಲಿ ದಾಖಲೆ ಸೃಷ್ಟಿಸಿ’ ಎಂಬ ಸುದ್ದಿ ಕಂಡರೆ ಆ ದಿನ ತಪ್ಪದೆ ಬೀರು ತೆಗೆದು ಕ್ರಯಪತ್ರ ಇದೆಯೇ ಎಂದು ಮುಟ್ಟಿ ನೋಡುತ್ತಿದ್ದೆ. ಪತ್ರವೇನೋ ಇರುತ್ತಿತ್ತು, ನಿದ್ದೆ ಇರುತ್ತಿರಲಿಲ್ಲ. ನನ್ನ ಸೈಟಿನ ಪಕ್ಕ ಒಂದು ಕಾರ್ನರ್ ಸೈಟು ಬೇರೆ ಇತ್ತು. ಅದು ಯಾರದೋ ನನಗೆ ಗೊತ್ತಿರಲಿಲ್ಲ. ಅವರ ಮೇಲೆ ನನಗಿದ್ದ ಸಿಟ್ಟು ಮಾತ್ರ ಬಹಳ ಸ್ಪಷ್ಟವಾಗಿತ್ತು.

ಹೀಗಿರುವಾಗ ಅಕ್ಕ ಶ್ರವಣಬೆಳಗೊಳಕ್ಕೆ ಹೋಗೋಣ ಎಂದಳು. 2018ರ ಮಹಾಮಸ್ತಕಾಭಿಷೇಕಕ್ಕೆ ಜನಜಂಗುಳಿಗೆ ಹೆದರಿ ಹೋಗಿರಲಿಲ್ಲ. ಹನ್ನೆರಡು ವರ್ಷಕ್ಕೊಮ್ಮೆ ಬರುವ ಹಬ್ಬಕ್ಕೆ ಕಾಯುತ್ತ ಕೂತರೆ ಮಂಡಿ ಕಾಯುವುದಿಲ್ಲ ಎಂಬುದು ಅವಳ ವಾದ. ನಾಲ್ವರೂ ಹೊರಟೆವು. ದೊಡ್ಡಬೆಟ್ಟದ ಬುಡದಲ್ಲಿ ಚಪ್ಪಲಿ ಬಿಡಬೇಕು. ಭಾವನ ಕಾಲಲ್ಲಿ ಹೊಸ ಚಪ್ಪಲಿ. ದೇವಸ್ಥಾನಕ್ಕೆ ಹೋಗುವಾಗ ಹಳೇ ಚಪ್ಪಲಿ ಹಾಕಿಕೊಳ್ಳಬೇಕು ಎನ್ನುವುದು ಹುಟ್ಟಿನಿಂದ ಕಲಿತ ವಿದ್ಯೆ, ಅವತ್ತು ಹೇಗೋ ಅವರಿಗೆ ಮರೆತಿತ್ತು. ಎಡಗಾಲಿನದನ್ನು ಒಂದು ಕಡೆ, ಬಲಗಾಲಿನದನ್ನು ಇನ್ನೊಂದು ಕಡೆ ಬಿಟ್ಟರು. ಕಳ್ಳ ಇಂಜಿನಿಯರ್ ಆಗಿರಲಾರ ಎಂಬ ಧೈರ್ಯ. “ಹೋದರೆ ಹೋಗಲಿ ಬಿಡಿ, ಶನಿ ಕಳೆಯಿತು ಅಂದುಕೊಳ್ಳೋಣ” ಎಂದೆ. “ಶನಿ ಹೋಗೋಕೆ ಹಳೇದು ಸಾಕು, ಹೊಸದೇ ಬೇಕೇನು?” ಎಂದರು.

ಆರುನೂರು ಚಿಲ್ಲರೆ ಮೆಟ್ಟಿಲು. ಬಂಡೆಯಲ್ಲೇ ಕಡಿದದ್ದು. ಹೆಂಗಸರಿಬ್ಬರೂ ಮಾತಾಡಿಕೊಂಡು ಹತ್ತಿಬಿಟ್ಟರು. ಭಾವ ಆಗಾಗ ನಿಂತು ಹಿಂದಕ್ಕೆ ತಿರುಗಿ ನೋಡುತ್ತಿದ್ದರು. ಕೆಳಗೆ ಕಲ್ಯಾಣಿ, ಅದರಾಚೆ ಚಿಕ್ಕಬೆಟ್ಟ, ಸುತ್ತ ತೆಂಗಿನ ತೋಟಗಳು, ಎಷ್ಟು ಚೆಂದ ಎಂದು ನಾನು ವರ್ಣಿಸಲು ಶುರು ಮಾಡಿದರೆ ಅವರು ನೋಡುತ್ತಿದ್ದದ್ದು ಚಪ್ಪಲಿಯನ್ನು. ಅಷ್ಟೆತ್ತರದಿಂದ ಚಪ್ಪಲಿ ಕಾಣುವುದಿಲ್ಲ ಎಂದು ಹೇಳಲು ಹೊರಟೆ, ಆದರೆ ನಾನೂ ಅಷ್ಟು ಹೊತ್ತು ನನ್ನ ಸೈಟು ಯಾವ ದಿಕ್ಕಿಗೆ ಬರಬಹುದೆಂದು ಅಂದಾಜು ಮಾಡುತ್ತಿದ್ದೆ. ಸುಮ್ಮನಾದೆ.

ಮೇಲೆ ಗೊಮ್ಮಟ. ಗಂಗರಸ ರಾಚಮಲ್ಲನ ಮಂತ್ರಿ ಚಾವುಂಡರಾಯ 981ರಲ್ಲಿ ನಿಲ್ಲಿಸಿದ 58 ಅಡಿಯ ಏಕಶಿಲೆ. ಪಂಪ ‘ಆದಿಪುರಾಣ’ ಬರೆದದ್ದು 941ರಲ್ಲಿ. ಕವಿಯ ಓಲೆಗರಿಯಲ್ಲಿ ನಿಂತಿದ್ದ ಬಾಹುಬಲಿ ನಲವತ್ತೇ ವರ್ಷದಲ್ಲಿ ಬೆಟ್ಟದ ಮೇಲೆ ಕಲ್ಲಾಗಿ ನಿಂತ. ತುಟಿಯಲ್ಲಿ ಏನೋ ಗೊತ್ತಿದ್ದೂ ಹೇಳದಿರುವ ಒಂದು ನಗೆ. ನಾನು ಕತ್ತೆತ್ತಿ ನೋಡುತ್ತಿದ್ದಾಗ ಭಾವ ನನ್ನ ಕಿವಿಯ ಹತ್ತಿರ ಬಂದು, “ಲೋ, ಇವನನ್ನು ಮಲಗಿಸಿದರೆ ನಿನ್ನ ಸೈಟಿನಲ್ಲಿ ಹಿಡಿಸಲ್ಲ” ಎಂದರು.

“ಏನು ಭಾವ?”

“ಮೂವತ್ತು ನಲವತ್ತು ಸೈಟಿಗೆ ಮೂಲೆಯಿಂದ ಮೂಲೆಗೆ ಸರಿಯಾಗಿ ಐವತ್ತಡಿ. ಇವನು ಐವತ್ತೆಂಟು. ಓರೆಯಾಗಿ ಮಲಗಿಸಿದರೂ ಎಂಟಡಿ ಪಕ್ಕದ ಸೈಟಿಗೆ ಹೋಗ್ತಾನೆ. ನಲವತ್ತು ಅರವತ್ತು ಬೇಕು.”

ಪೈಥಾಗೊರಸನನ್ನು ದಿಗಂಬರನ ಎದುರು ಹೀಗೆ ತಂದು ನಿಲ್ಲಿಸಿದವರು ಭಾವನೇ ಮೊದಲಿಗರಿರಬೇಕು. ನಗು ಬಂತು, ನಕ್ಕೆ. ಆದರೆ ಆ ಗಾಳಿ ನನಗೂ ಸೋಕಿತು. ಇವನ ಜಾಗಕ್ಕೆ ಕ್ರಯಪತ್ರ ಬರೆದರೆ ಚೆಕ್ಕುಬಂದಿ ಹೇಗಿರಬಹುದು? ಪೂರ್ವಕ್ಕೆ ಆಕಾಶ, ಪಶ್ಚಿಮಕ್ಕೆ ಆಕಾಶ, ದಕ್ಷಿಣಕ್ಕೂ ಅದೇ, ಉತ್ತರಕ್ಕೆ ಚಂದ್ರಗುಪ್ತ ಮೌರ್ಯನ ಬೆಟ್ಟ. ಗೊಮ್ಮಟ ನಿಂತಿರುವುದು ಉತ್ತರಕ್ಕೆ ಮುಖ ಮಾಡಿ. “ನಾರ್ತ್ ಫೇಸಿಂಗ್, ಕುಬೇರನ ದಿಕ್ಕು” ಎಂದು ಭಾವ ಮೆಚ್ಚಿಕೊಂಡರು. ಅದೇ ದಿಕ್ಕಿನಲ್ಲಿ ಎದುರಿಗಿರುವ ಚಿಕ್ಕಬೆಟ್ಟಕ್ಕೆ, ಅಷ್ಟು ದೊಡ್ಡ ಸಾಮ್ರಾಜ್ಯ ಕಟ್ಟಿದ ಚಂದ್ರಗುಪ್ತ ಎಲ್ಲವನ್ನೂ ಬಿಟ್ಟು ಗುರು ಭದ್ರಬಾಹುವಿನ ಹಿಂದೆ ಬಂದು, ಅಲ್ಲೇ ಉಪವಾಸವಿದ್ದು ದೇಹ ಬಿಟ್ಟ ಎಂದು ಜೈನ ಪರಂಪರೆ ಹೇಳುತ್ತದೆ. ಕುಬೇರನಿಗೆ ಆ ದಿಕ್ಕನ್ನು ಯಾರು ಅಲಾಟ್ ಮಾಡಿದರೋ.

ಬಾಹುಬಲಿಯ ಕಥೆ ಎಲ್ಲರಿಗೂ ಗೊತ್ತಿದೆ. ಅಣ್ಣ ಭರತನ ಜೊತೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಗೆದ್ದ. ಅಣ್ಣ ರೋಷಕ್ಕೆ ಬಿಟ್ಟ ಚಕ್ರವೂ ಇವನಿಗೆ ಏನೂ ಮಾಡದೆ ಸುಮ್ಮನಾಯಿತು. ಆಗ, ಇಷ್ಟಕ್ಕಾಗಿ ಒಡಹುಟ್ಟಿದವರು ಹೀಗಾಗಬೇಕೆ ಎನ್ನಿಸಿ, ಗೆದ್ದ ರಾಜ್ಯವನ್ನು ಸೋತವನಿಗೇ ಬಿಟ್ಟು ಕಾಡಿಗೆ ಹೋದ. ನಮ್ಮ ಕಡೆ ಅಣ್ಣತಮ್ಮಂದಿರ ಪಾಲುಪಟ್ಟಿ ದಾವೆಗಳನ್ನು ಬಲ್ಲವರಿಗೆ ಇದು ಬೆಟ್ಟಕ್ಕಿಂತ ದೊಡ್ಡ ವಿಷಯ. ಆದರೆ ನನಗೆ ಹಿಡಿಸಿದ ಭಾಗ ಅದಲ್ಲ, ಅದರ ಮುಂದಿನದು. ಮೈಗೆ ಬಳ್ಳಿ ಹಬ್ಬಿ, ಕಾಲಿನ ಸುತ್ತ ಹುತ್ತ ಬೆಳೆಯುವಷ್ಟು ಕಾಲ ನಿಂತರೂ ಅವನಿಗೆ ಕೇವಲಜ್ಞಾನ ಬರಲಿಲ್ಲವಂತೆ. ಜನ ಹೇಳುವ ಪ್ರಕಾರ ಕಾರಣ ಇಷ್ಟೇ: ‘ನಾನು ನಿಂತಿರುವುದು ಭರತನ ನೆಲ’ ಎಂಬ ಒಂದು ಮುಳ್ಳು ಒಳಗೆ ಉಳಿದಿತ್ತು. ಬಟ್ಟೆಯವರೆಗೆ ಎಲ್ಲ ಬಿಟ್ಟವನಿಗೆ ಎರಡು ಹೆಜ್ಜೆಯ ಜಾಗದ ಖಾತೆ ಯಾರ ಹೆಸರಿನಲ್ಲಿದೆ ಎಂಬುದನ್ನು ಬಿಡಲಾಗಲಿಲ್ಲ. ಕೊನೆಗೆ ಭರತನೇ ಬಂದು ನಮಸ್ಕರಿಸಿದ ಮೇಲೆ ಆ ಮುಳ್ಳು ಬಿದ್ದುಹೋಯಿತು. ಈ ಕಥೆ ಕಟ್ಟಿದವರಿಗೆ ಭೂಮಿಯ ವ್ಯವಹಾರ ಚೆನ್ನಾಗಿ ಗೊತ್ತಿತ್ತು. ಆಸೆ ರಾಜ್ಯದಷ್ಟಿದ್ದಾಗ ಬಿಡುವುದು ಸುಲಭ, ಹೊಗಳುವವರೂ ಸಿಗುತ್ತಾರೆ. ಪಾದದಷ್ಟಾದ ಮೇಲೆ ಅದು ಕಣ್ಣಿಗೇ ಬೀಳುವುದಿಲ್ಲ.

ಕೆಳಗಿಳಿದು ಬಂದೆವು. ಭಾವನ ಚಪ್ಪಲಿ ಎರಡೂ ಇದ್ದವು. ಅವುಗಳಲ್ಲಿ ಕಾಲಿಟ್ಟಾಗ ಅವರ ಮುಖದಲ್ಲಿ ಅಷ್ಟು ಹೊತ್ತೂ ಕಾಣದಿದ್ದ ಭಕ್ತಿ ಕಾಣಿಸಿತು. ನನ್ನ ಹಳೆಯ ಜೊತೆಯೂ ಇಟ್ಟಲ್ಲೇ ಇತ್ತು. ಕಳ್ಳನೂ ಮುಟ್ಟದ್ದನ್ನು ಮೆಟ್ಟಿಕೊಂಡು ಓಡಾಡುತ್ತಿದ್ದೇನಲ್ಲ ಎಂದು ಸ್ವಲ್ಪ ಅವಮಾನವಾಯಿತು.

ನಮ್ಮಮ್ಮ ಇದ್ದಿದ್ದರೆ ಭಾವನ ಪರವೇ ಮಾತಾಡುತ್ತಿದ್ದರು. ರೇಷನ್ ಕಾಲ ಕಂಡವರು. ಅಮೆರಿಕದಿಂದ ಬಂದ ಗೋಧಿ ತಿಂದವರು, ಸೀಮೆಎಣ್ಣೆಗೆ ಡಬ್ಬ ಇಟ್ಟು ಸಾಲಿನಲ್ಲಿ ನಿಂತವರು, ಗ್ಯಾಸಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದವರು. ಅವರ ಅಡುಗೆಮನೆಯಲ್ಲಿ ಡಬ್ಬದ ಹಿಂದೆ ಡಬ್ಬ, ಅದರ ಹಿಂದೆ ಇನ್ನೊಂದು. ಖಾಲಿ ಹಾರ್ಲಿಕ್ಸ್ ಬಾಟಲು ಎಸೆಯುವುದೆಂದರೆ ಅವರಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಅದನ್ನು ಜಿಪುಣತನ ಎನ್ನಲು ನನಗೆ ಬಾಯಿ ಬರುವುದಿಲ್ಲ. ನಾಳೆ ಅಂಗಡಿ ತೆರೆದಿರುತ್ತದೆ ಎಂದು ಅವರಿಗೆ ಯಾರೂ ಮಾತು ಕೊಟ್ಟಿರಲಿಲ್ಲ. ನಮಗೆ ಆ ಹೆದರಿಕೆ ಪಿತ್ರಾರ್ಜಿತವಾಗಿ ಬಂತು, ಅದಕ್ಕೆ ಕಾರಣವಾಗಿದ್ದ ಕಷ್ಟ ಬರಲಿಲ್ಲ. ಹೆದರಿಕೆಯನ್ನು ಏನು ಮಾಡುವುದೆಂದು ತಿಳಿಯದೆ ಅದಕ್ಕೆ ಸೈಟು ಕೊಡಿಸಿದೆವು.

ಮಗಳದ್ದು ಇನ್ನೊಂದು ರೀತಿ. ಬೆಂಗಳೂರಿನಲ್ಲಿ ಬಾಡಿಗೆ ಮನೆ. ಅಡುಗೆಮನೆಯಲ್ಲಿ ಅರ್ಧ ಈರುಳ್ಳಿ, ಒಂದು ನಿಂಬೆಹಣ್ಣು. “ಬೇಕಾದಾಗ ಹತ್ತು ನಿಮಿಷಕ್ಕೆ ತಂದುಕೊಡ್ತಾರಪ್ಪಾ, ಯಾಕೆ ಸ್ಟಾಕ್ ಮಾಡಬೇಕು?” ಎಂದಾಗ, ನೋಡು, ಇದು ಅಪರಿಗ್ರಹ ಎಂದು ಹೆಂಡತಿಗೆ ಹೇಳಿ ಬೀಗಿದ್ದೆ. ಆಮೇಲೆ ಬಾಲ್ಕನಿ ಬಾಗಿಲು ತೆಗೆದೆ. ರಟ್ಟಿನ ಪೆಟ್ಟಿಗೆಗಳು ಸೂರಿನವರೆಗೆ ಇದ್ದವು. ಗಂಟೆಗೊಮ್ಮೆ ಬಾಗಿಲ ಬೆಲ್ಲು, ಒಂದು ಸಲ ಬಂದದ್ದು ಮೊಟ್ಟೆ ಬೇಯಿಸುವ ಯಂತ್ರ. ಅವಳು ಮೊಟ್ಟೆ ತಿನ್ನುವುದಿಲ್ಲ. “ಆಫರ್ ಇತ್ತಪ್ಪಾ” ಎಂದಳು. ಅಪ್ಪನ ಮಗಳು ಎನ್ನಿಸಿ ಸ್ವಲ್ಪ ಸಮಾಧಾನವೂ ಆಯಿತು.

ಶ್ರವಣಬೆಳಗೊಳದಿಂದ ಬಂದು ಕೆಲವು ತಿಂಗಳು ಮಂಡಿನೋವಿನ ನೆಪದಲ್ಲಿ ಸೈಟಿನ ಕಡೆ ಹೋಗಲಿಲ್ಲ. ಮಳೆಗಾಲ ಮುಗಿದ ಮೇಲೆ ಹೋಗಿ ನೋಡಿದರೆ ಕಾಂಗ್ರೆಸ್ ಗಿಡ ಒಂದೂ ಇಲ್ಲ! ನೆಲದ ತುಂಬ ಸಿಹಿಕುಂಬಳದ ಬಳ್ಳಿ. ಮೂಲೆ ಕಲ್ಲುಗಳನ್ನೂ ಬಿಡದೆ ಹಬ್ಬಿದೆ, ಕಾರ್ನರ್ ಸೈಟಿಗೂ ನುಗ್ಗಿದೆ. ಒಂದು ಅಂಚಿಗೆ ಹೀರೆಗೆ ಚಪ್ಪರ. ಎದೆ ಧಸಕ್ಕೆಂದಿತು. ಎದುರಿಗೆ ಏಳುತ್ತಿದ್ದ ಮನೆಯ ಶೆಡ್ಡಿನಿಂದ ಒಬ್ಬ ಹೆಂಗಸು ಬಂದಳು. ಗಂಡ ಅಲ್ಲಿ ಗಾರೆ ಕೆಲಸ, ಇವಳು ಕಾವಲು.

“ಜಾಗಾ ನಿಮ್ದೇನ್ರಿ? ಸುಮ್ನ ಬಿದ್ದಿತ್ತಲ್ರಿ, ಅದಕ್ಕ ನಾಕು ಬೀಜ ಹಾಕೀನಿ. ಬರ್ರಿ, ನೆಳ್ಳಾಗ ಕೂಡ್ರಿ” ಎಂದು ಹೀರೆ ಚಪ್ಪರದ ಕೆಳಗೆ ಒಂದು ಸಿಮೆಂಟ್ ಇಟ್ಟಿಗೆ ಹಾಕಿದಳು.

ನನ್ನ ಸೈಟಿನಲ್ಲಿ ನನಗೇ ಆತಿಥ್ಯ. ಕೂತೆ. ಕೂತ ಮೇಲೆ ಹೊಳೆಯಿತು, ಇಷ್ಟು ವರ್ಷ ಇಲ್ಲಿಗೆ ಬಂದು ನಿಂತು ಹೋಗಿದ್ದೇನೆಯೇ ಹೊರತು ಕೂತಿರಲಿಲ್ಲ. ನಿಂತು ಮೂಲೆ ನೋಡುವುದು, ಹೊರಡುವುದು. ಕುಂಬಳದ ಹೂವಿಗೆ ಜೇನುಹುಳ ಬರುತ್ತಿದ್ದವು. ಆಕಾಶ ಬೇಕಾದಷ್ಟಿತ್ತು. ದೂರದಲ್ಲಿ ಚಾಮುಂಡಿ ಬೆಟ್ಟ ಕಾಣುತ್ತದೆ ಎಂದು ಆ ಟೈ ಹುಡುಗ ಹೇಳಿದ್ದು ಸುಳ್ಳಲ್ಲ, ನಿಜವಾಗಿ ಕಾಣುತ್ತಿತ್ತು. ತೂಕಡಿಕೆ ಬಂತು. ಹಗಲು ಹೊತ್ತಿನಲ್ಲಿ, ಗುಳಿಗೆಯಿಲ್ಲದೆ, ಇಟ್ಟಿಗೆಯ ಮೇಲೆ!

ಯಾವ ಊರಮ್ಮ ಎಂದು ಕೇಳಿದೆ. ಲಿಂಗಸುಗೂರು ಕಡೆಯವಳಂತೆ. ಆ ತಾಲ್ಲೂಕಿನ ಹೆಸರು ಕೇಳಿದ ಕೂಡಲೇ ನನ್ನೊಳಗಿನ ಪ್ರಬಂಧಕಾರ ಎದ್ದು ಕೂತ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಇಬ್ಬರೂ ಆ ಕಡೆಯವರೇ, ಅಮರೇಶ್ವರದವರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಹೋಗಿ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ ದಂಪತಿ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಗಂಟು ನೋಡಿಯೇ, ಇದು ನಮ್ಮ ಇವತ್ತಿನ ಅಳತೆಯಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಅವಳನ್ನು ತ್ಯಾಗಮಯಿ ಎಂದು ಹೊಗಳುವುದು ರೂಢಿ. ನನಗೇನೋ ಅವಳು ಲೆಕ್ಕದಲ್ಲಿ ಗಟ್ಟಿಗಿತ್ತಿ ಅನ್ನಿಸುತ್ತದೆ. ಹೆಚ್ಚಿನ ಅಕ್ಕಿ ಮನೆಗೆ ಬಂದರೆ ಅದಕ್ಕೊಂದು ಮಡಕೆ ಬೇಕು, ಮಡಕೆಗೆ ಮುಚ್ಚಳ, ಮುಚ್ಚಳಕ್ಕೆ ಕಲ್ಲು, ಇಲಿಗೆ ಬೆಕ್ಕು, ರಾತ್ರಿ ಸದ್ದಾದರೆ ಏಳಲು ಒಬ್ಬರು. ಆ ಏಳುವ ಕೆಲಸ ತನ್ನ ತಲೆಗೇ ಬರುತ್ತದೆಂದು ಆ ಹೆಣ್ಣುಮಗಳಿಗೆ ಗೊತ್ತಿತ್ತು. ನಾಳೆಯ ಮೇಲೆ, ನಾಳೆ ಮಾಡುವ ಕೆಲಸದ ಮೇಲೆ ನಂಬಿಕೆಯಿದ್ದವಳಿಗೆ ಇವತ್ತು ನಿದ್ದೆ ಕೆಡಿಸಿಕೊಳ್ಳುವ ದರ್ದಿರಲಿಲ್ಲ.

ಹೀಗೆಲ್ಲ ಯೋಚಿಸುತ್ತಿರುವಾಗ ಹೆಂಗಸು ಒಂದು ದೊಡ್ಡ ಕುಂಬಳಕಾಯಿ ತಂದು ನನ್ನ ಮುಂದಿಟ್ಟಳು. ಲಕ್ಕಮ್ಮನ ಗುಂಗಿನಲ್ಲೇ ಇದ್ದ ನಾನು ಜೇಬಿನಿಂದ ಇನ್ನೂರು ರೂಪಾಯಿ ತೆಗೆದು ಚಾಚಿದೆ. ಬೇಡ ಎನ್ನುತ್ತಾಳೆ, ಆಗ ನನ್ನ ಕಣ್ಣು ತುಂಬಿ ಬರುತ್ತದೆ ಎಂದೆಲ್ಲ ಅಂದುಕೊಂಡಿದ್ದೆ. ಥಟ್ಟನೆ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. “ಬರೂ ವಾರ ಇನ್ನ ಎರಡು ಬಲೀತಾವ್ರಿ, ಬರ್ರಿ” ಎಂದೂ ಸೇರಿಸಿದಳು. ಕೂಲಿಯವರು ನಮ್ಮ ಪ್ರಬಂಧಕ್ಕೆ ಅನುಕೂಲವಾಗುವ ಹಾಗೆ ನಡೆದುಕೊಳ್ಳಬೇಕೆಂದು ಎಲ್ಲೂ ಬರೆದಿಲ್ಲ. ಅವಳಿಗೆ ಆ ದುಡ್ಡು ಬೇಕಿತ್ತು, ನನಗೆ ಆ ತೂಕಡಿಕೆ ಬೇಕಿತ್ತು. ರೇಟು ಇಬ್ಬರಿಗೂ ಹೊಂದಿತು.

ಕಾಯಿಯನ್ನು ಸ್ಕೂಟರಿನ ಮುಂದಿಟ್ಟುಕೊಂಡು ಸೀದಾ ಅಕ್ಕನ ಮನೆಗೆ ಹೋದೆ. ಭಾವ ಕಥೆ ಕೇಳಿ ಕುರ್ಚಿಯಿಂದಲೇ ಎದ್ದುಬಿಟ್ಟರು.

“ಲೋ, ನಿನಗೆ ಬುದ್ಧಿ ಇದೆಯಾ? ಹನ್ನೆರಡು ವರ್ಷ ಯಾರೂ ಕೇಳದೆ ರಾಜಾರೋಷವಾಗಿ ಅನುಭವಿಸಿಕೊಂಡು ಬಂದರೆ ಜಾಗ ಅವರದೇ ಅಂತ ಕೋರ್ಟಿಗೆ ಹೋಗ್ತಾರೆ. ಲಿಮಿಟೇಷನ್ ಆಕ್ಟು. ಕುಂಬಳಕಾಯಿ ತಿಂದು ಸೈಟು ಕಳ್ಕೋತೀಯ!”

“ಹನ್ನೆರಡು ವರ್ಷಕ್ಕೆ ಇನ್ನೊಂದು ಮಸ್ತಕಾಭಿಷೇಕ ಬರುತ್ತೆ ಭಾವ. ಅಷ್ಟು ಹೊತ್ತಿಗೆ ಎದುರುಗಡೆ ಮನೆ ಮುಗಿದು ಅವರು ಇನ್ನೊಂದು ಕಡೆ ಹೋಗಿರ್ತಾರೆ.”

“ಮೊದಲು ನೂರು ರೂಪಾಯಿ ಸ್ಟಾಂಪ್ ಪೇಪರ್ ತಂದು ಹೆಬ್ಬೆಟ್ಟು ಒತ್ತಿಸಿಕೋ. ‘ಮಾಲೀಕರ ಅಪ್ಪಣೆಯ ಮೇರೆಗೆ ಕುಂಬಳ ಬೆಳೆದಿರುತ್ತೇನೆ’ ಅಂತ.”

ಅಕ್ಕ ಅಷ್ಟರಲ್ಲಿ ಕಾಯಿ ಹೆಚ್ಚಿಯಾಗಿತ್ತು. ಮಧ್ಯಾಹ್ನ ಊಟಕ್ಕೆ ಕುಂಬಳಕಾಯಿ ಹುಳಿ, ತೆಂಗಿನಕಾಯಿ ಹಾಕಿದ ಪಲ್ಯ. ಭಾವ ಮೊದಲ ಸಲ ಮಾತಾಡದೆ ಕಲಸಿಕೊಂಡರು. ಎರಡನೇ ಸಲ ಹುಳಿ ಬಡಿಸಿಕೊಂಡಾಗ, “ಗೊಬ್ಬರ ಹಾಕಿಲ್ಲ ಅನ್ನಿಸುತ್ತೆ, ರುಚಿ ಬೇರೆ” ಎಂದರು. ಮಜ್ಜಿಗೆಗೆ ಬರುವ ಹೊತ್ತಿಗೆ ದನಿ ತಗ್ಗಿತ್ತು.

“ಆ ಹೆಂಗಸು ಬೇರೆ ಕಡೆನೂ ಬೆಳೀತಾಳಾ? ನನ್ನ ಮೂರನೇ ಸೈಟು ಕೆಂಪು ಮಣ್ಣು. ನಾಲ್ಕನೇದರಲ್ಲಿ ಪಕ್ಕದಲ್ಲೇ ಬೋರ್‌ವೆಲ್ಲಿದೆ. ಬೆಳೆದವರಿಗೆ ಅರ್ಧ, ಸೈಟಿನವನಿಗೆ ಅರ್ಧ. ನಾಲ್ಕು ಸೈಟು ಅಂದರೆ ತಿಂಗಳಿಗೆ ಎಷ್ಟು ಕಾಯಿ ಬರಬಹುದು, ಹೇಳು ನೋಡೋಣ?”

“ಅಷ್ಟು ಕಾಯಿ ಎಲ್ಲಿಡ್ತೀರಿ?” ಎಂದಳು ಅಕ್ಕ, ಮಜ್ಜಿಗೆ ಬಡಿಸುತ್ತ.

ಭಾವ ಯೋಚಿಸಿದರು. “ಒಂದು ಗೋಡೌನಿಗೆ ಜಾಗ ನೋಡಬೇಕು.”